ಉಗಿಬಂಡಿಯ ಮೊದಲಿಗ ರಿಚರ್ಡ್ ಟ್ರೆವಿಥಿಕ್

ಉಗಿಬಂಡಿಯನ್ನು ಕಂಡುಹಿಡಿದವರಾರು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಜಾರ್ಜ್ ಸ್ಟೀವನ್‌ಸನ್ ಎಂದು ತಡವಿಲ್ಲದೆ ಹೇಳಿಬಿಡುತ್ತೇವೆ. ಸ್ಟೀವನ್‌ಸನ್ನನು ದೊಡ್ಡವನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವನ ಮೊದಲ ಯಂತ್ರ ಹಳಿಯನ್ನೇರುವುದಕ್ಕೆ ಹತ್ತು ವರ್ಷ ಮುಂಚೆಯೇ, 1804ರಲ್ಲಿ, ವೇಲ್ಸ್ ನಾಡಿನ ಒಂದು ಕಬ್ಬಿಣದ ಕಾರ್ಖಾನೆಯ ಹಳಿಯ ಮೇಲೆ ಉಗಿಬಂಡಿಯನ್ನು ಓಡಿಸಿ ತೋರಿಸಿದವನು ಇನ್ನೊಬ್ಬನಿದ್ದಾನೆ. ಆತನೇ ರಿಚರ್ಡ್ ಟ್ರೆವಿಥಿಕ್. ಯಂತ್ರದಲ್ಲಿ ಗೆದ್ದು ಹಳಿಯಲ್ಲಿ ಸೋತವನು ಈತ.

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ ಸಮುದ್ರಕ್ಕೆ ಚಾಚಿಕೊಂಡಿರುವ ಕಾರ್ನ್‌ವಾಲ್ ಪ್ರಾಂತ ತಾಮ್ರ ತವರಗಳ ಗಣಿಗಳಿಗೆ ಹೆಸರಾಗಿತ್ತು. ನಮ್ಮ ಕೋಲಾರದ ಚಿನ್ನದ ಗಣಿಗಳಿಗೂ ಆ ನಾಡಿಗೂ ನಂಟುಂಟು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಕೆಲಸ ವಹಿಸಿಕೊಂಡ ಮೇಲೆ ಕಡಲು ದಾಟಿ ಬಂದ ಗಣಿಗಾರರಲ್ಲಿ ಅನೇಕರು ಕಾರ್ನ್‌ವಾಲಿನವರೇ. 2001ರಲ್ಲಿ ಆ ಗಣಿಗಳು ಮುಚ್ಚಿಹೋದವು. ಟ್ರೆವಿಥಿಕ್ಕನು 1771ರ ಏಪ್ರಿಲ್ 13ರಂದು ಹುಟ್ಟಿದ್ದು ಇಂಥದೇ ಗಣಿಗಳ ನಡುವೆ, ಕ್ಯಾಂಬೋರ್ನ್ ಊರಿನ ಬಳಿ. ತಂದೆ ಗಣಿಯ ಮೇಲ್ವಿಚಾರಕ. ಹುಡುಗನಿಗೆ ಶಾಲೆ ರುಚಿಸಲಿಲ್ಲ. ಉಪಾಧ್ಯಾಯರಿಗೆ ಇವನು ಮೊಂಡನಾಗಿ, ಮಂದನಾಗಿ ಕಂಡನು. ಆರಡಿ ಎರಡಂಗುಲ ಎತ್ತರ, ಅದಕ್ಕೆ ತಕ್ಕ ಮೈಕಟ್ಟು. ಕುಸ್ತಿಯಲ್ಲಿ ಇವನನ್ನು ಕೆಡವುವವರು ವಿರಳ. ಕಾರ್ನ್‌ವಾಲಿನ ದೈತ್ಯನೆಂಬ ಹೆಸರು ಬಂದದ್ದು ಹೀಗೆ.

ಆ ಕಾಲದಲ್ಲಿ ಗಣಿಯೊಳಗೆ ಊರುವ ನೀರನ್ನು ಎತ್ತಿ ಹಾಕಲು ಜೇಮ್ಸ್ ವಾಟ್‌ನ ಉಗಿಯಂತ್ರಗಳಿದ್ದವು. ಕಾರ್ನ್‌ವಾಲಿನಲ್ಲಿ ಕಲ್ಲಿದ್ದಲಿಲ್ಲ, ಅದು ಹಡಗಿನಲ್ಲಿ ವೇಲ್ಸಿನಿಂದ ಬರಬೇಕು. ವಾಟ್‌ನ ಯಂತ್ರ ಕಲ್ಲಿದ್ದಲನ್ನು ಉಳಿಸುತ್ತಿತ್ತು, ಆದರೆ ಉಳಿದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರರಲ್ಲೊಂದು ಪಾಲನ್ನು ಆತನ ಕಂಪೆನಿಗೆ ತೆರಬೇಕಾಗಿತ್ತು. 1800ರವರೆಗೆ ಇದ್ದ ಹಕ್ಕುಪತ್ರದ ಬಲ ಅಂಥದು. ಗಣಿಯವರು ಇದಕ್ಕೆ ಒಳಗೊಳಗೇ ಕುದಿಯುತ್ತಿದ್ದುದು ಸಹಜ. ವಾಟ್‌ನ ಯಂತ್ರದಲ್ಲಿ ಉಗಿಯ ಒತ್ತಡ ಬಲು ಕಡಮೆ. ಉಗಿಯನ್ನು ಬೇರೊಂದು ಪಾತ್ರೆಯಲ್ಲಿ ತಣ್ಣಗೆ ಮಾಡಿ, ಅದರಿಂದಾದ ನಿರ್ವಾತದಿಂದ ಕೆಲಸ ತೆಗೆಯುವುದೇ ಅದರ ಗುಟ್ಟು. ಆದ್ದರಿಂದ ಯಂತ್ರ ಮನೆಯಷ್ಟು ದೊಡ್ಡದು. ನೆಟ್ಟ ಕಡೆಯಿಂದ ಕದಲುವ ಮಾತೇ ಇಲ್ಲ.

ಉಗಿಯನ್ನು ತಣಿಸುವ ಗೊಡವೆಯೇ ಬೇಡ, ಹೆಚ್ಚಿನ ಒತ್ತಡದಲ್ಲಿ ದುಡಿಸಿ ಹಾಗೆಯೇ ಗಾಳಿಗೆ ಬಿಟ್ಟರೆ ಎಷ್ಟು ಶಕ್ತಿ ನಷ್ಟವಾದೀತು? ಈ ಪ್ರಶ್ನೆಯನ್ನು ಟ್ರೆವಿಥಿಕ್ಕನು ಆಕ್ಸ್‌ಫರ್ಡಿನಲ್ಲಿ ಓದಿ ಬಂದಿದ್ದ ಡೇವಿಸ್ ಗಿಡ್ಡಿ ಎಂಬ ವಿದ್ವಾಂಸನ ಮುಂದಿಟ್ಟನು. ಒಂದು ವಾಯುಮಂಡಲದ ಒತ್ತಡದಷ್ಟು ಮಾತ್ರ, ಅದಕ್ಕಿಂತ ಹೆಚ್ಚಿಲ್ಲ ಎಂದು ಗಿಡ್ಡಿ ಲೆಕ್ಕ ಹಾಕಿ ಹೇಳಿದನು. ಟ್ರೆವಿಥಿಕ್ಕನಿಗೆ ಅಷ್ಟೇ ಸಾಕಾಯಿತು. ಲೆಕ್ಕ ಬಾರದವನು ಲೆಕ್ಕ ಬಲ್ಲವನ ಬಾಗಿಲಿಗೆ ಹೋಗಿ ಕೇಳಿದ ಈ ಸಂಗತಿ ನನಗೆ ಬಹಳ ಹಿಡಿಸಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಿಳಿಯದ್ದನ್ನು ಕೇಳಲು ಎಷ್ಟು ಧೈರ್ಯ ಬೇಕೆಂಬುದನ್ನು ನಾನು ಬಲ್ಲೆ.

1797ರಲ್ಲಿ ತಂದೆ ತೀರಿಕೊಂಡನು. ಅದೇ ವರ್ಷ ಹೇಲ್ ಊರಿನ ಎರಕದ ಕಾರ್ಖಾನೆಯ ಒಡೆಯನ ಮಗಳು ಜೇನ್ ಹಾರ್ವೆಯೊಡನೆ ಈತನ ವಿವಾಹವಾಯಿತು. ಆ ಸುಮಾರಿಗೆ ಮನೆಯಲ್ಲಿ ಪುಟ್ಟ ಮಾದರಿ ಯಂತ್ರಗಳನ್ನು ಕಟ್ಟತೊಡಗಿದನು. ಕಾದ ಕಬ್ಬಿಣದ ತುಂಡನ್ನು ಒಳಗಿಟ್ಟು ನೀರು ಕುದಿಸಿ, ಉಗಿಯ ಬಲದಿಂದ ಗಾಲಿ ತಿರುಗುವಂತೆ ಮಾಡಿದ್ದನು. ಬಂಧುಗಳೂ ದೊಡ್ಡ ಮನುಷ್ಯರೂ ನೆರೆದು ನೋಡುತ್ತಿರಲು ಆ ಆಟಿಕೆ ಮೇಜಿನ ಮೇಲೆ ತಾನೇ ತಾನಾಗಿ ಓಡಿತಂತೆ. ಅಂಥ ಒಂದು ಮಾದರಿ ಇಂದಿಗೂ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ.

ಮೇಜಿನ ಮೇಲಿನದು ಬೀದಿಗೆ ಬರಲು ತಡವಾಗಲಿಲ್ಲ. 1801ರ ಕ್ರಿಸ್‌ಮಸ್ ಹಬ್ಬದ ಹಿಂದಿನ ದಿನ ಜನರನ್ನು ಹೊತ್ತ ಉಗಿಬಂಡಿ ಕ್ಯಾಂಬೋರ್ನಿನ ದಿಣ್ಣೆಯನ್ನೇರಿತು. ಕೆಲವು ದಿನಗಳಲ್ಲೇ ಅದು ದಾರಿಯಲ್ಲಿ ಕೆಟ್ಟು ನಿಂತಿತು. ಅದನ್ನೊಂದು ಕೊಟ್ಟಿಗೆಗೆ ನೂಕಿ ಎಲ್ಲರೂ ಹೋಟೆಲಿನಲ್ಲಿ ಊಟಕ್ಕೆ ಕುಳಿತರು. ಒಲೆ ಆರಿಸುವುದನ್ನು ಮರೆತರು! ನೀರು ಬತ್ತಿ, ಕಬ್ಬಿಣ ಕೆಂಪಾಗಿ, ಬಂಡಿ ಕೊಟ್ಟಿಗೆಯ ಸಮೇತ ಸುಟ್ಟುಹೋಯಿತು. 1803ರಲ್ಲಿ ಗ್ರೀನಿಚ್‌ನಲ್ಲಿ ನಡೆದದ್ದು ಮಾತ್ರ ನಗುವ ಸಂಗತಿಯಲ್ಲ. ಅಲ್ಲಿ ಈತನ ಯಂತ್ರವೊಂದರ ಬಾಯ್ಲರ್ ಸಿಡಿದು ಕೆಲಸಗಾರರು ಸತ್ತರು. ಅಲ್ಲಿಂದ ಮುಂದೆ ತನ್ನ ಬಾಯ್ಲರುಗಳಿಗೆ ಎರಡೆರಡು ಸುರಕ್ಷಾ ಕವಾಟಗಳನ್ನಿಟ್ಟು, ಶಾಖ ಮಿತಿಮೀರಿದರೆ ಕರಗಿ ಉಗಿಗೆ ದಾರಿ ಬಿಡುವ ಸೀಸದ ಬಿರಡೆಯನ್ನೂ ಅಳವಡಿಸಿದನು.

ಇನ್ನು ಪೆನಿಡ್ಯಾರನ್ ಕಬ್ಬಿಣದ ಕಾರ್ಖಾನೆಯ ವಿಷಯ. ದಕ್ಷಿಣ ವೇಲ್ಸಿನ ಮರ್ಥರ್ ಟಿಡ್ವಿಲ್ ಆಗ ಊದುಕುಲುಮೆಗಳ ಊರು. ಕಾರ್ಖಾನೆಯಿಂದ ಕಾಲುವೆಯ ದಡದವರೆಗೆ ಎರಕದ ಕಬ್ಬಿಣದ ಹಳಿ ಹಾಸಿ, ಅದರ ಮೇಲೆ ಕುದುರೆಗಳಿಂದ ಸರಕು ಎಳೆಸುತ್ತಿದ್ದರು. ಕಾರ್ಖಾನೆಯ ಒಡೆಯ ಸ್ಯಾಮ್ಯುಯಲ್ ಹಾಮ್‌ಫ್ರೆ ನೆರೆಯ ಇನ್ನೊಬ್ಬ ಕಬ್ಬಿಣದ ಧಣಿಯೊಡನೆ 500 ಗಿನಿಗಳ ಪಂತ ಕಟ್ಟಿದನು: ಟ್ರೆವಿಥಿಕ್ಕನ ಯಂತ್ರ ಹತ್ತು ಟನ್ ಕಬ್ಬಿಣವನ್ನು ಕಾಲುವೆಯವರೆಗೆ ಎಳೆದೊಯ್ಯಬೇಕು. 1804ರ ಫೆಬ್ರವರಿ 21ರಂದು ಯಂತ್ರ ಹೊರಟಿತು. ಹಿಂದೆ ಐದು ಬಂಡಿಗಳು, ಹತ್ತು ಟನ್ ಕಬ್ಬಿಣ, ಅದರ ಮೇಲೆ ಮೋಜಿಗೆಂದು ಹತ್ತಿ ಕುಳಿತ ಎಪ್ಪತ್ತು ಮಂದಿ. ದಾರಿಗಡ್ಡವಾದ ಮರಗಳನ್ನು ಕಡಿದು ಬಂಡೆಗಳನ್ನು ಸರಿಸಿಕೊಂಡು ಒಂಬತ್ತು ಮುಕ್ಕಾಲು ಮೈಲಿಯನ್ನು 4 ಗಂಟೆ 5 ನಿಮಿಷಗಳಲ್ಲಿ ಮುಟ್ಟಿತು. ನುಣುಪಾದ ಗಾಲಿ ನುಣುಪಾದ ಹಳಿಯ ಮೇಲೆ ಜಾರದೆ ಭಾರ ಎಳೆಯಬಲ್ಲುದೆಂಬುದು ಅಂದು ಸಿದ್ಧವಾಯಿತು. ದುಡಿದ ಉಗಿಯನ್ನು ಹೊಗೆಕೊಳವೆಯೊಳಕ್ಕೇ ಬಿಟ್ಟರೆ ಒಲೆ ಧಗಧಗನೆ ಉರಿಯುವುದನ್ನೂ ಈತನು ಕಂಡುಕೊಂಡನು. ಮುಂದಿನ ಉಗಿಬಂಡಿಗಳೆಲ್ಲ ಈ ಉಪಾಯವನ್ನೇ ಹಿಡಿದವು.

ಆದರೆ ಹಳಿ ಮುರಿಯಿತು. ಕುದುರೆಬಂಡಿಗೆಂದು ಹಾಕಿದ ಎರಕದ ಹಲಗೆಗಳು ಐದು ಟನ್ ಯಂತ್ರದ ಭಾರವನ್ನು ತಾಳಲಿಲ್ಲ. ಕೆಲವು ಓಡಾಟಗಳಾದ ಮೇಲೆ ಯಂತ್ರವನ್ನು ಗಾಲಿಯಿಂದಿಳಿಸಿ ಕಾರ್ಖಾನೆಯಲ್ಲಿ ಒಂದೆಡೆ ನಿಲ್ಲಿಸಿ ದುಡಿಸಿಕೊಂಡರು.

ಮೇಜಿನ ಮೇಲೆ ಅಷ್ಟು ಸುಖವಾಗಿ ಓಡಿದ್ದು ಇಲ್ಲಿ ಏಕೆ ಹೀಗಾಯಿತು? ಇಂದು ಪಶ್ಚಿಮ ದೇಶಗಳಲ್ಲಿ ಮನೆಯ ಒಂದು ಕೋಣೆಯೊಳಗೆ ಗಣಿ, ಊದುಕುಲುಮೆ, ಉಕ್ಕಿನ ಕಾರ್ಖಾನೆ, ಅವುಗಳ ನಡುವೆ ಅದಿರು ಹೊತ್ತು ಓಡಾಡುವ ರೈಲು, ಎಲ್ಲವನ್ನೂ 87ರಲ್ಲೊಂದು ಪಾಲಿನ ಅಳತೆಯಲ್ಲಿ ಕಟ್ಟಿ ನಿಲ್ಲಿಸುವ ಹವ್ಯಾಸಿಗಳಿದ್ದಾರೆ. ಅವರ ಅಳತೆಯನ್ನೇ ತೆಗೆದುಕೊಳ್ಳೋಣ. ಉದ್ದ 87 ಪಾಲು ಕುಗ್ಗಿದರೆ ಹಳಿಯ ದಪ್ಪದ ಕೊಯ್ತ 87ರ ವರ್ಗದಷ್ಟು, ಅಂದರೆ 7,569 ಪಾಲು ಕುಗ್ಗುತ್ತದೆ. ಭಾರವಾದರೋ 87ರ ಘನದಷ್ಟು, ಅಂದರೆ ಆರೂವರೆ ಲಕ್ಷಕ್ಕೂ ಹೆಚ್ಚು ಪಾಲು ಕುಗ್ಗುತ್ತದೆ! ಪೆನಿಡ್ಯಾರನ್ನಿನ ಐದು ಟನ್ ಯಂತ್ರವನ್ನು ಅದೇ ಲೋಹದಲ್ಲಿ ಈ ಅಳತೆಗೆ ಮಾಡಿದರೆ ತೂಕ ಎಂಟು ಗ್ರಾಮಿಗೂ ಕಡಮೆ. ಹಳಿಗೆ ಬೀಳುವ ಶ್ರಮ 87ರಲ್ಲೊಂದು ಪಾಲು ಮಾತ್ರ. ಆದಕಾರಣ ಮಾದರಿ ರೈಲಿನವರ ಕಷ್ಟವೇ ಬೇರೆ: ಎಂಜಿನ್ ತೀರ ಹಗುರವಾಗಿ ಗಾಲಿ ಜಾರದಿರಲೆಂದು ಅದರೊಳಗೆ ಸೀಸದ ತುಂಡುಗಳನ್ನು ತುರುಕುತ್ತಾರೆ. ಉಗಿಯ ಸತ್ಯವನ್ನು ಟ್ರೆವಿಥಿಕ್ಕನ ಮಾದರಿ ತಪ್ಪಿಲ್ಲದೆ ಹೇಳಿತ್ತು. ಭಾರದ ಸತ್ಯವನ್ನು ಅದು ಹೇಳುವಂತಿರಲಿಲ್ಲ. ಕಲಾವಿಭಾಗದ ನನಗೆ ಈ ಲೆಕ್ಕ ತಿಳಿಯಲು ಎರಡು ಸಂಜೆ ಹಿಡಿಯಿತೆಂಬುದು ಬೇರೆ ಮಾತು.

ನ್ಯೂಕಾಸಲ್ ಕಡೆಯ ಕಲ್ಲಿದ್ದಲ ಗಣಿಯೊಂದಕ್ಕೆಂದು 1805ರಲ್ಲಿ ಸಿದ್ಧವಾದ ಯಂತ್ರದ ಪಾಡೂ ಇದೇ. ಅಲ್ಲಿದ್ದದ್ದು ಮರದ ಹಳಿ. ಕೊನೆಯ ಪ್ರಯತ್ನವಾಗಿ 1808ರಲ್ಲಿ ಲಂಡನ್ನಿನಲ್ಲಿ, ಈಗಿನ ಯೂಸ್ಟನ್ ನಿಲ್ದಾಣಕ್ಕೆ ಸಮೀಪದಲ್ಲಿ, ದುಂಡಗೆ ಹಳಿ ಹಾಕಿ ಸುತ್ತಲೂ ಎತ್ತರದ ಬೇಲಿ ಕಟ್ಟಿಸಿದನು. ಒಂದು ಷಿಲಿಂಗ್ ಕೊಟ್ಟು ಒಳಗೆ ಬಂದವರು ಬಂಡಿಯನ್ನು ನೋಡಬಹುದು, ಧೈರ್ಯವಿದ್ದರೆ ಹತ್ತಿ ಸುತ್ತಬಹುದು. ಜಾತ್ರೆಯ ತಿರುಗುಣಿಯಂತೆ ಅದು ಸುತ್ತಿದ್ದೇ ಸುತ್ತಿದ್ದು. ಅಲ್ಲಿಯೂ ಒಂದು ದಿನ ಹಳಿ ಮುರಿದು ಯಂತ್ರ ಮಗುಚಿತು. ಮತ್ತೆ ಹಳಿ ಹಾಕಿಸಲು ಕೈಯಲ್ಲಿ ಹಣವಿರಲಿಲ್ಲ. ಅಂದಿನಿಂದ ಟ್ರೆವಿಥಿಕ್ಕನು ಉಗಿಬಂಡಿಯ ಕಡೆ ತಿರುಗಿ ನೋಡಲಿಲ್ಲ. ಗಟ್ಟಿಯಾದ ಉರುಳುಕಬ್ಬಿಣದ ಉದ್ದನೆಯ ಹಳಿಗಳಿಗೆ ಜಾನ್ ಬರ್ಕಿನ್‌ಷಾ ಹಕ್ಕುಪತ್ರ ಪಡೆದದ್ದು 1820ರಲ್ಲಿ. ಸ್ಟೀವನ್‌ಸನ್ನನಿಗೆ ಒದಗಿದ ಈ ಭಾಗ್ಯ ಟ್ರೆವಿಥಿಕ್ಕನಿಗೆ ಹನ್ನೆರಡು ವರ್ಷ ತಡವಾಗಿ ಬಂದಿತು.

1811ರಲ್ಲಿ ದಿವಾಳಿ. 1816ರಲ್ಲಿ, ಪೆರು ದೇಶದ ಸೆರೊ ದ ಪಾಸ್ಕೊ ಬೆಳ್ಳಿಯ ಗಣಿಗಳಿಗೆ ತನ್ನ ಯಂತ್ರಗಳು ಹೋಗಿದ್ದ ಕಾರಣ, ತಾನೂ ಹಡಗು ಹತ್ತಿದನು. ಅಲ್ಲಿ ಸ್ವಾತಂತ್ರ್ಯ ಯುದ್ಧ ಹೊತ್ತಿಕೊಂಡು ಕೆಲಸ ಮಣ್ಣುಪಾಲಾಯಿತು. ಕೋಸ್ಟರಿಕಾದ ಕಾಡುಗಳಲ್ಲಿ ಅಲೆದು, 1827ರಲ್ಲಿ ಬರಿಗೈಯಲ್ಲಿ ಕಾರ್ತಹೇನ ಬಂದರಿಗೆ ಬಂದಾಗ ಊರಿಗೆ ಮರಳಲು 50 ಪೌಂಡು ಕೊಟ್ಟವನು ರಾಬರ್ಟ್ ಸ್ಟೀವನ್‌ಸನ್, ಜಾರ್ಜನ ಮಗ! ಈ ಹನ್ನೊಂದು ವರ್ಷ ಆರು ಮಕ್ಕಳನ್ನು ಸಾಕಿದವಳು ಜೇನ್. ಕಿರಿಯ ಮಗು ಹುಟ್ಟಿದ್ದು ತಂದೆ ಹಡಗು ಹತ್ತಿದ ವರ್ಷದಲ್ಲಿಯೇ. ಆಕೆ ಹೇಲ್‌ನಲ್ಲಿ ಒಂದು ವಸತಿಗೃಹವನ್ನು ನಡೆಸಿ ಸಂಸಾರದ ಗಾಡಿ ಎಳೆದಳು. ಟ್ರೆವಿಥಿಕ್ಕನ ಸಾಹಸಗಳನ್ನು ಹೊಗಳುವವರು ಈ ತಾಯಿಯ ಮಾತನ್ನು ಒಂದು ಸಾಲಿನಲ್ಲಿ ಮುಗಿಸುವುದು ನನಗೆ ನ್ಯಾಯವೆನಿಸದು. ಆದರೂ ನಾನೂ ಅದಕ್ಕಿಂತ ಹೆಚ್ಚು ಹೇಳಿಲ್ಲ. ಆಕೆಯ ಬಗೆಗೆ ಉಳಿದಿರುವುದೇ ಅಷ್ಟು ಕಡಮೆ.

ಪಾರ್ಲಿಮೆಂಟಿಗೆ ಸಲ್ಲಿಸಿದ ಸಹಾಯದ ಬಿನ್ನಹ ಫಲಿಸಲಿಲ್ಲ. 1833ರ ಏಪ್ರಿಲ್ 22ರಂದು, ಕೆಲಸಕ್ಕೆಂದು ಹೋಗಿದ್ದ ಡಾರ್ಟ್‌ಫರ್ಡ್ ಊರಿನ ಒಂದು ಹೋಟೆಲಿನ ಕೋಣೆಯಲ್ಲಿ ಟ್ರೆವಿಥಿಕ್ಕನು ತೀರಿಕೊಂಡನು. ಬಂಧುಗಳು ಹತ್ತಿರವಿರಲಿಲ್ಲ. ಜೊತೆಯ ಕಾರ್ಖಾನೆಯ ಕೆಲಸಗಾರರು ಹಣ ಕೂಡಿಸಿ, ಹೆಗಲು ಕೊಟ್ಟು, ಹೆಣ ಕದಿಯುವವರ ಕಾಟವಿದ್ದುದರಿಂದ ರಾತ್ರಿ ಸಮಾಧಿಯ ಕಾವಲಿಗೂ ಜನರನ್ನಿಟ್ಟರು. ಗುರುತಿನ ಕಲ್ಲನ್ನು ಯಾರೂ ನೆಡಲಿಲ್ಲ. ಸಮಾಧಿ ಇಂಥಲ್ಲಿದೆ ಎಂದು ಈಗ ಯಾರೂ ತೋರಿಸಲಾರರು. ಕ್ಯಾಂಬೋರ್ನಿನ ಗ್ರಂಥಾಲಯದ ಮುಂದೆ 1932ರಲ್ಲಿ ಈತನ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ಪ್ರತಿಮೆಯ ಕೈಯಲ್ಲಿರುವುದು ಒಂದು ಪುಟ್ಟ ಮಾದರಿ ಬಂಡಿ.