ಪಿಡ್ಡನಾಯಕರು ಮೊಘಲರ ನೌಕರಿಯಲ್ಲಿ ಕಲಿತದ್ದು

ವಡಗೇರಾದ ಹೋಟೆಲ್‌ನ್ಯಾಗ ಚಹಾ ಕುಡೀತಾ ಸುರಪುರದ ಮಾತು ತೆಗೆದ್ರೆ, ಪಿಡ್ಡನಾಯಕರ ಶೌರ್ಯದ ಕಥೆ ಬಂದೇ ಬರುತ್ತೆ. ಇಂಜಿನಿಯರಿಂಗ್ ಓದಿದ ನನಗೆ ಅವರ ತಯಾರಿಯೇ ದೊಡ್ಡದು ಅನಿಸುತ್ತೆ.

1687ರಲ್ಲಿ ಸಗರ ಕೋಟೆ ಔರಂಗಜೇಬನ ಪಾಲಾಯ್ತು. ಪಿಡ್ಡನಾಯಕರು ಮೊಘಲರ ಸೇವೆಗೆ ಸೇರಿದರು, ರಾಯಚೂರು ಮುತ್ತಿಗೆಯಲ್ಲೂ ಇದ್ದರು. ಆ ಸೈನ್ಯದ ಬಲ, ದೌರ್ಬಲ್ಯ ಎರಡನ್ನೂ ಒಳಗಿಂದಲೇ ಕಂಡರು. ಆಮೇಲೆ ರಜೆ ಪಡೆದು ವಾಗಣಗೇರಾ ಸೇರಿ ಕೋಟೆ ಬಿಗಿ ಮಾಡಿದರು, ಫಿರಂಗಿ, ಮದ್ದು ಕೂಡಿಹಾಕಿದರು, ಸಾವಿರಾರು ಬೇಡ ಬಂದೂಕುಧಾರಿಗಳನ್ನ ಕಟ್ಟಿದರು.

1705ರ ಫೆಬ್ರುವರಿಯಲ್ಲಿ ಬಾದಶಹನೇ ಬಂದು ಕೂತ. ಕೋಟೆ ಸಿಕ್ಕಿದ್ದು ಏಪ್ರಿಲ್ ಕೊನೆಗೆ. ನಾಯಕರು ಮರಾಠರ ನೆರವಿನಿಂದ ಪಾರಾಗಿದ್ದರು. ಅದೇ ಔರಂಗಜೇಬನ ಕೊನೆಯ ಮುತ್ತಿಗೆ.

ಇವರನ್ನ ಬರೀ ಧರ್ಮಯೋಧ ಮಾಡೋಕೆ ಹೊರಟವರು ಮೊಘಲ್ ನೌಕರಿಯ ವರ್ಷಗಳನ್ನ ಅಳಿಸಬೇಕಾಗುತ್ತೆ. ಅಳಿಸಿದ್ರೆ, ಎರಡೂವರೆ ತಿಂಗಳು ತಡೆದು ನಿಂತದ್ದು ಹೇಗೆ ಅನ್ನೋದಕ್ಕೆ ಉತ್ತರವೇ ಉಳಿಯಲ್ಲ.