ಎಣ್ಣೆಗೆ ಹೆಸರು ಕೊಟ್ಟ ರುಡಾಲ್ಫ್ ಡೀಸೆಲ್

ಮಕ್ಕಳೇ, ಚಿಕ್ಕಜಾಜೂರು ಜಂಕ್ಷನ್ ನಿಮಗೆ ಗೊತ್ತಲ್ಲವೇ? ಚಿತ್ರದುರ್ಗದ ಕಡೆಗೆ ರೈಲುಹಳಿ ಕವಲೊಡೆಯುವುದು ಅಲ್ಲಿಯೇ. ಉಗಿಬಂಡಿಯ ಕಾಲ ಮುಗಿದು ಡೀಸೆಲ್ ಎಂಜಿನ್ ಬಂದುದನ್ನು ನಿಮ್ಮ ಅಜ್ಜ ಅಜ್ಜಿ ಕಂಡಿರುತ್ತಾರೆ. ಆದರೆ ಡೀಸೆಲ್ ಎಂಬುದು ಮೂಲತಃ ಒಬ್ಬ ಮನುಷ್ಯನ ಹೆಸರು!

ರುಡಾಲ್ಫ್ ಡೀಸೆಲ್ 1858ರ ಮಾರ್ಚ್ 18ರಂದು ಪ್ಯಾರಿಸ್ಸಿನಲ್ಲಿ ಜನಿಸಿದರು. ತಂದೆ ತಾಯಿ ಜರ್ಮನಿ ಮೂಲದವರು. 1870ರಲ್ಲಿ ಯುದ್ಧ ಆರಂಭವಾದಾಗ ಕುಟುಂಬ ಊರು ಬಿಡಬೇಕಾಯಿತು. 12 ವರ್ಷದ ರುಡಾಲ್ಫ್‌ನನ್ನು ಓದಿಗಾಗಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಿದರು. ಮುಂದೆ ಮ್ಯೂನಿಕ್‌ನಲ್ಲಿ ಕಲಿಯುವಾಗ, ಉಗಿಯಂತ್ರವು ಇಂಧನದ ಶಾಖದಲ್ಲಿ ಶೇ. 90ಕ್ಕೂ ಹೆಚ್ಚು ಭಾಗವನ್ನು ವ್ಯರ್ಥ ಮಾಡುತ್ತದೆ ಎಂದು ತಿಳಿದರು. ಈ ನಷ್ಟವನ್ನು ತಪ್ಪಿಸುವುದೇ ಅವರ ಜೀವನದ ಗುರಿಯಾಯಿತು.

ಸೈಕಲ್ ಪಂಪಿನಿಂದ ಗಾಳಿ ತುಂಬುವಾಗ ಅದರ ತುದಿ ಬಿಸಿಯಾಗುವುದನ್ನು ಗಮನಿಸಿದ್ದೀರಾ? ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಬಹಳ ಒತ್ತಿದರೆ ಕಿಡಿಯೇ ಇಲ್ಲದೆ ಎಣ್ಣೆ ಹೊತ್ತಿಕೊಳ್ಳುವಷ್ಟು ಬಿಸಿಯಾಗುತ್ತದೆ. ಡೀಸೆಲ್ ಹಿಡಿದ ಸೂತ್ರ ಇದೇ. 1893ರಲ್ಲಿ ಪೇಟೆಂಟ್ ದೊರೆಯಿತು. ಅದೇ ವರ್ಷದ ಮೊದಲ ಪ್ರಯೋಗದಲ್ಲಿ ಯಂತ್ರಕ್ಕೆ ಜೋಡಿಸಿದ್ದ ಅಳತೆಯ ಉಪಕರಣ ಸಿಡಿದುಹೋಯಿತು. ಆದರೂ ಅವರು ಎದೆಗುಂದಲಿಲ್ಲ. 1894ರ ಫೆಬ್ರವರಿಯಲ್ಲಿ ಎಂಜಿನ್ ಸುಮಾರು ಒಂದು ನಿಮಿಷ ತಾನಾಗಿಯೇ ಓಡಿತು! 1897ರ ಪರೀಕ್ಷೆಯಲ್ಲಿ ಅದರ ದಕ್ಷತೆ ಶೇ. 26.2.

ಅವರನ್ನು ಹೆಚ್ಚು ಕಾಡಿದ್ದು ಎಣ್ಣೆಯನ್ನು ಒಳಗೆ ಸಿಂಪಡಿಸುವ ಕೆಲಸ. ಏಕೆ ಗೊತ್ತೇ? 1 ಮಿ.ಮೀ. ವ್ಯಾಸದ ಹನಿಯನ್ನು 1/10 ಮಿ.ಮೀ. ವ್ಯಾಸದ ಹನಿಗಳಾಗಿ ಒಡೆದರೆ 1000 ಹನಿಗಳಾಗುತ್ತವೆ. ಅವುಗಳ ಒಟ್ಟು ಮೇಲ್ಮೈ 10 ಪಟ್ಟು ಹೆಚ್ಚುತ್ತದೆ. ಆಗ ಎಣ್ಣೆ ಬೇಗ ಆವಿಯಾಗಿ ಚೆನ್ನಾಗಿ ಉರಿಯುತ್ತದೆ. ಹನಿ ದಪ್ಪವಾದರೆ ಕಪ್ಪು ಹೊಗೆ. ಡೀಸೆಲ್ ಒತ್ತಿದ ಗಾಳಿಯಿಂದಲೇ ಎಣ್ಣೆಯನ್ನು ಊದಿಸಿದರು. ಅದಕ್ಕೆ ಭಾರವಾದ ಪ್ರತ್ಯೇಕ ಗಾಳಿಯಂತ್ರ ಬೇಕಾಗುತ್ತಿತ್ತು.

ಕೀರ್ತಿ ಬಂದಿತು, ಆದರೆ ಸಾಲವೂ ಬೆಳೆಯಿತು. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಅವರು ಕಾಣೆಯಾದರು. ಕೆಲವು ದಿನಗಳ ನಂತರ ಸಮುದ್ರದಲ್ಲಿ ಶವ ಸಿಕ್ಕಿತು. ಸಾವಿನ ಕಾರಣ ಇಂದಿಗೂ ಬಗೆಹರಿದಿಲ್ಲ.

ಅವರ ಪ್ರಶ್ನೆ ಮಾತ್ರ ಉಳಿದಿದೆ. ಸಿಲಿಂಡರಿನೊಳಗಿನ ತುಂತುರು ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ. ಆದ್ದರಿಂದ ಎಂಜಿನಿಯರುಗಳು ಗಣಕಯಂತ್ರದಲ್ಲಿ ಸಿಲಿಂಡರಿನ ಜಾಗವನ್ನು ಸಾವಿರಾರು ಪುಟ್ಟ ಕೋಣೆಗಳಾಗಿ ವಿಂಗಡಿಸುತ್ತಾರೆ. ಹನಿ ಎಲ್ಲಿ ಒಡೆಯಿತು, ಎಲ್ಲಿ ಆವಿಯಾಯಿತು ಎಂದು ಹಂತ ಹಂತವಾಗಿ ಲೆಕ್ಕ ಹಾಕುತ್ತಾರೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಮಾದರಿಯ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಿ ತೋರಿಸಿದರು. ಹೊಂಗೆ ಎಣ್ಣೆ ಡೀಸೆಲ್‌ಗಿಂತ ಮಂದ. ಹಾಗಾದರೆ ಅದರ ಹನಿಗಳು ಹೇಗಿರಬಹುದು? ಯೋಚಿಸಿ.

ಮಾಡಿ ನೋಡಿ: ಎರಡು ಸ್ಲೇಟುಗಳನ್ನು ಬಿಸಿಲಿನಲ್ಲಿಡಿ. ಒಂದರ ಮೇಲೆ ಒಂದು ದಪ್ಪ ಹನಿ ನೀರು ಬಿಡಿ. ಇನ್ನೊಂದರ ಮೇಲೆ ಇಸ್ತ್ರಿಗೆ ಬಳಸುವ ಬಾಟಲಿಯಿಂದ ನೀರನ್ನು ತುಂತುರಾಗಿ ಸಿಂಪಡಿಸಿ. ಯಾವುದು ಮೊದಲು ಒಣಗಿತು? ಏಕೆ? ನಿಮ್ಮ ಉತ್ತರವನ್ನು ಶಿಕ್ಷಕರೊಂದಿಗೆ ಚರ್ಚಿಸಿ.