ಬರವಣಿಗೆಯಿಂದ ಬಾಳು ಕಟ್ಟಿಕೊಂಡ ನಂಜನಗೂಡು ತಿರುಮಲಾಂಬ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿತು, ಸ್ಮರಣ ಸಂಚಿಕೆಗೆ ಹಿರಿಯರೊಬ್ಬರ ಜೀವನ ಕುರಿತು ಬರೆದುಕೊಡಿ ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ ಬಹಳ ಹೆಸರುಗಳು ನೆನಪಿಗೆ ಬಂದವು. ಈ ಶಾಲೆಯ ಹಳೆಯ ವಿದ್ಯಾರ್ಥಿನಿಯಾದ ನಾನು ಆರಿಸಿಕೊಂಡದ್ದು ಹೈಸ್ಕೂಲಿನ ಮೆಟ್ಟಿಲನ್ನೇ ಹತ್ತದ ನಂಜನಗೂಡು ತಿರುಮಲಾಂಬ ಅವರನ್ನು. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ತಿರುಮಲಾಂಬ ಹುಟ್ಟಿದ್ದು 1887ರಲ್ಲಿ, ಕಪಿಲಾ ನದಿಯ ದಡದ ನಂಜನಗೂಡಿನಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು. ಆ ಕಾಲದ ಪದ್ಧತಿಯಂತೆ ಮಗಳಿಗೆ ಹತ್ತು ವರ್ಷವಾಗುತ್ತಲೇ ಮದುವೆಯಾಯಿತು. ಮೈಸೂರು ಸೀಮೆಗೆ ಪ್ಲೇಗು ಬಂದ ವರ್ಷಗಳವು. ಗಂಡ ಆ ಮಾರಿಗೆ ತುತ್ತಾದಾಗ ಆಕೆಗೆ ಇನ್ನೂ ಹದಿನಾಲ್ಕು ವರ್ಷ. ಇಂದು ಆ ವಯಸ್ಸಿನವರು ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಯಲ್ಲಿ ಕೂತಿರುತ್ತಾರೆ.

ಅಂದಿನ ದಿನಗಳಲ್ಲಿ ವಿಧವೆಯಾದ ಹುಡುಗಿಗೆ ಹಬ್ಬವಿಲ್ಲ, ಹಸೆಯಿಲ್ಲ, ಶುಭಕಾರ್ಯಗಳಲ್ಲಿ ಎದುರಿಗೆ ಬರುವಂತಿಲ್ಲ. ಮರುಮದುವೆಯ ಮಾತಂತೂ ದೂರ. ಒಳಮನೆ, ಅಡುಗೆಮನೆ, ಜಪಮಾಲೆ, ಇಷ್ಟರಲ್ಲೇ ಆಯುಷ್ಯ ಕಳೆಯಬೇಕು. ತಿರುಮಲಾಂಬ ಅವರ ತಂದೆ ಮಗಳನ್ನು ಹಾಗೆ ಮೂಲೆಗೆ ಸೇರಿಸಲಿಲ್ಲ. ಮನೆಯಲ್ಲೇ ಪಾಠ ಹೇಳಿದರು, ಓದಲು ಪುಸ್ತಕಗಳನ್ನು ಒದಗಿಸಿದರು. ಕನ್ನಡದ ಜೊತೆಗೆ ತಮಿಳು, ತೆಲುಗಿನ ಗ್ರಂಥಗಳೂ ಆಕೆಗೆ ಪರಿಚಯವಾದವು. ಓದುತ್ತ ಓದುತ್ತ ಆಕೆ ಬರೆಯಲು ಕೂತರು. ಹಾಡು, ನಾಟಕ, ಕಥೆ ಹೀಗೆ ಒಂದೊಂದಾಗಿ ಬರವಣಿಗೆ ಬೆಳೆಯಿತು.

ಬರೆದಿಟ್ಟದ್ದೆಲ್ಲ ಪೆಟ್ಟಿಗೆಯ ತಳ ಸೇರಿದ್ದರೆ ಇಂದು ನಾವು ಅವರ ಹೆಸರನ್ನೇ ಕೇಳುತ್ತಿರಲಿಲ್ಲ. 1913ರಲ್ಲಿ ಅವರು 'ಸತೀ ಹಿತೈಷಿಣೀ' ಎಂಬ ಗ್ರಂಥಮಾಲೆಯನ್ನು ತಾವೇ ಆರಂಭಿಸಿದರು. ಅದರಲ್ಲಿ ಬಂದ 'ಸುಶೀಲೆ' ಕಾದಂಬರಿಯನ್ನು ಜನ ಮೆಚ್ಚಿ ಓದಿದರು, ಅದು ಮತ್ತೆ ಮತ್ತೆ ಅಚ್ಚಾಯಿತು. 'ನಭಾ', 'ವಿರಾಗಿಣಿ', 'ಮಾತೃನಂದಿನಿ', 'ಮಣಿಮಾಲಾ' ಮುಂತಾದ ಪುಸ್ತಕಗಳು ಬಂದವು. ಮುಂದೆ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಕನ್ನಡದಲ್ಲಿ ಲೇಖಕಿ, ಪ್ರಕಾಶಕಿ, ಸಂಪಾದಕಿ ಮೂರೂ ಆಗಿ ದುಡಿದ ಮೊದಲ ಮಹಿಳೆಯರಲ್ಲಿ ಅವರ ಹೆಸರು ಮುಂಚೂಣಿಯಲ್ಲಿದೆ. ಮನೆಯಲ್ಲೇ ಹೆಣ್ಣುಮಕ್ಕಳಿಗೆ ಪಾಠವನ್ನೂ ಹೇಳುತ್ತಿದ್ದರು.

ಈ ಕೆಲಸ ಆಕೆಗೆ ಏನು ಕೊಟ್ಟಿತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಮೊದಲನೆಯದಾಗಿ, ದಿನಕ್ಕೊಂದು ಗುರಿ ಕೊಟ್ಟಿತು. ಮಾಸಪತ್ರಿಕೆ ಎಂದ ಮೇಲೆ ತಿಂಗಳು ಕಾಯುವುದಿಲ್ಲ. ಲೇಖನ ಸಿದ್ಧವಾಗಬೇಕು, ಕರಡು ತಿದ್ದಬೇಕು, ಅಂಚೆಗೆ ಹಾಕಬೇಕು. ನಿನಗೇನೂ ಕೆಲಸವಿಲ್ಲ ಎಂದು ಸಮಾಜ ಕೂರಿಸಿದ್ದ ಹೆಣ್ಣಿಗೆ ಮುಗಿಯದಷ್ಟು ಕೆಲಸ ಸಿಕ್ಕಿತು. ಎರಡನೆಯದಾಗಿ, ಹೊಸಿಲು ದಾಟುವುದೇ ಕಷ್ಟವಾಗಿದ್ದವರ ಮಾತು ಊರೂರು ತಲುಪಿತು. ಮೂರನೆಯದಾಗಿ, ಇಂಥವರ ಮಗಳು, ಇಂಥವರ ವಿಧವೆ ಎಂಬುದರ ಬದಲು ಸ್ವಂತ ಹೆಸರು ಬಂತು.

ಅವರು ಬರೆದದ್ದೆಲ್ಲ ಇಂದಿನವರಿಗೆ ಒಪ್ಪಿಗೆಯಾಗುತ್ತದೆಂದು ನಾನು ಹೇಳಲಾರೆ. ಅವರ ನಾಯಕಿಯರು ಪಾತಿವ್ರತ್ಯವನ್ನೇ ದೊಡ್ಡದೆಂದು ನಂಬಿದವರು, ಸಂಪ್ರದಾಯದ ಗೆರೆ ಮೀರುವವರಲ್ಲ. ಆದರೆ ಅಕ್ಷರವೇ ಬೇಡವೆನ್ನುತ್ತಿದ್ದ ಕಾಲದಲ್ಲಿ ಹೆಣ್ಣು ಓದಬೇಕು, ತಿಳಿಯಬೇಕು ಎಂದು ಹೆಣ್ಣೇ ಬರೆದು ಅಚ್ಚು ಹಾಕಿಸಿದ್ದು ಸಣ್ಣ ಸಂಗತಿಯಲ್ಲ.

ನಂತರದ ಕಥೆ ಮನಸ್ಸಿಗೆ ನೋವು ತರುವಂಥದು. ಮುಂದೆ ಅವರ ಬರವಣಿಗೆ ನಿಂತಿತು. ಮದರಾಸಿನಲ್ಲಿ ಅವರು ದಶಕಗಳ ಕಾಲ ಸದ್ದಿಲ್ಲದೆ ಬಾಳಿದರು. ಕನ್ನಡನಾಡು ಅವರನ್ನು ಮರೆತೇಬಿಟ್ಟಿತ್ತು. ಕೊನೆಗಾಲದಲ್ಲಿ ಮತ್ತೆ ಗುರುತು ಸಿಕ್ಕಿತು. 1982ರಲ್ಲಿ ಅವರು ತೀರಿಕೊಂಡಾಗ ತೊಂಬತ್ತೈದು ವರ್ಷ. ಬೆಂಗಳೂರಿನ ಶಾಶ್ವತಿ ಸಂಸ್ಥೆ ಅವರ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪಿಸಿದೆ. ಅಷ್ಟು ವರ್ಷಗಳ ಮರೆವಿನ ನಂತರವೂ ಅವರನ್ನು ಹುಡುಕಲು ಸಾಧ್ಯವಾದದ್ದು ಅಚ್ಚಾಗಿ ಉಳಿದಿದ್ದ ಪುಸ್ತಕಗಳಿಂದಲೇ.

ಈಗ ನನ್ನ ಕಾರಣ ಹೇಳುತ್ತೇನೆ. ಈ ಶಾಲೆಯಲ್ಲಿದ್ದಾಗ ನಾನು ಗೋಡೆ ಪತ್ರಿಕೆಗೆ ತಪ್ಪದೆ ಬರೆಯುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿದ ಮರುವರ್ಷವೇ ಮದುವೆಯಾಯಿತು. ಹದಿನೆಂಟು ವರ್ಷ ಹಾಲಿನ ಲೆಕ್ಕ ಬಿಟ್ಟು ಬೇರೇನೂ ಬರೆಯಲಿಲ್ಲ. ತಿರುಮಲಾಂಬ ಅವರ ಬಗ್ಗೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗನ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ದಿನಕ್ಕೊಂದು ಪುಟ ಬರೆಯತೊಡಗಿದೆ. ಕೆಲವು ತಿಂಗಳ ನಂತರ, ಸಂಜೆ ಬಸ್ಸಿಲ್ಲದೆ ಹುಡುಗಿಯರು ಕತ್ತಲಲ್ಲಿ ನಡೆದು ಬರುವ ಕಷ್ಟವನ್ನು ಪತ್ರಿಕೆಯೊಂದಕ್ಕೆ ಬರೆದೆ. ಅದು ಅಚ್ಚಾಯಿತು. ಬಸ್ಸು ಬರಲಿಲ್ಲ. ಆದರೆ ಸೊಸೈಟಿಯ ಕ್ಯೂನಲ್ಲಿ ಒಬ್ಬರು ನನ್ನ ಹೆಸರು ಹೇಳಿ, ಆ ಪತ್ರ ಬರೆದವರು ನೀವೇನಾ ಎಂದು ಕೇಳಿದರು. ಊರಿನಲ್ಲಿ ನನ್ನನ್ನು ನನ್ನ ಹೆಸರಿನಿಂದ ಯಾರಾದರೂ ಮಾತನಾಡಿಸಿ ಎಷ್ಟು ವರ್ಷವಾಗಿತ್ತೋ! ಅಂದಿನಿಂದ ಬರೆಯುವುದನ್ನು ಬಿಟ್ಟಿಲ್ಲ.

ಮಕ್ಕಳೇ, ನಮ್ಮ ಕಾಲದ ಗೋಡೆ ಪತ್ರಿಕೆಯ ಹಲಗೆ ಇನ್ನೂ ಅಲ್ಲೇ ಇದೆಯಂತೆ. ವಾರಕ್ಕೊಂದು ಪುಟ ಬರೆದು ಅಲ್ಲಿ ಅಂಟಿಸಿ, ಕೆಳಗೆ ನಿಮ್ಮ ಹೆಸರನ್ನೂ ಬರೆಯಿರಿ. ಮುಂದಿನ ಸಲ ಶಾಲೆಗೆ ಬಂದಾಗ ನಾನು ಮೊದಲು ಅದನ್ನೇ ಓದುತ್ತೇನೆ.